ಬಡ್ತಿ ಬಂದಾಗಲೆಲ್ಲ ಕೈತಪ್ಪಿದ ಕೆಲಸ

ಪ್ರತಿ ವರ್ಷ ಹೊಸ ಅಪ್ರೆಂಟಿಸ್‌ಗಳ ತಂಡ ನಮ್ಮ ಕಾರ್ಖಾನೆಗೆ ಬಂದು ಒಂದೆರಡು ತಿಂಗಳು ಕಳೆಯುವಷ್ಟರಲ್ಲಿ ಅವರಲ್ಲಿ ಯಾರಾದರೊಬ್ಬರು ನನ್ನ ಬಳಿ ಬಂದು, "ಸಾರ್, ಮೇಲೆ ಬರಬೇಕಾದರೆ ಯಾವ ಕೋರ್ಸ್ ಮಾಡಬೇಕು?" ಎಂದು ಕೇಳುತ್ತಾರೆ. ನಾನೂ ಐಟಿಐ ಮುಗಿಸಿ ಅಪ್ರೆಂಟಿಸ್ ಆಗಿಯೇ ಕೆಲಸ ಶುರುಮಾಡಿದವನೆಂದು, ಈಗ ಉತ್ಪಾದನಾ ವಿಭಾಗದ ಸೀನಿಯರ್ ಮ್ಯಾನೇಜರ್ ಆಗಿದ್ದೇನೆಂದು ಅವರಿಗೆ ಯಾರೋ ಹೇಳಿರುತ್ತಾರೆ. ಕೋರ್ಸುಗಳ ಹೆಸರು ಹೇಳಿ ಕಳುಹಿಸುವುದು ಸುಲಭ, ಹಲವು ವರ್ಷ ನಾನು ಹಾಗೆಯೇ ಮಾಡಿದೆ. ಆದರೆ ಮೂವತ್ತೈದು ವರ್ಷಕ್ಕೂ ಮಿಕ್ಕ ಈ ದುಡಿಮೆಯನ್ನು ಹಿಂತಿರುಗಿ ನೋಡಿದರೆ ನನಗೆ ಕಾಣುವುದು ಬೇರೆಯೇ ಸಂಗತಿ. ನನಗೆ ಬಂದ ಒಂದೊಂದು ಬಡ್ತಿಯೂ ಆ ಹೊತ್ತಿಗೆ ನಾನು ಚೆನ್ನಾಗಿ ಮಾಡಬಲ್ಲವನಾಗಿದ್ದ ಕೆಲಸವನ್ನು ಕೈಯಿಂದ ತೆಗೆದುಕೊಂಡು, ಏನೂ ಅರಿಯದ ಮತ್ತೊಂದು ಕೆಲಸದ ಮುಂದೆ ತಂದು ಕೂರಿಸಿತು. ನಾನು ಓದಿದ್ದರಲ್ಲಿ ಹೆಚ್ಚಿನದನ್ನು ಜ್ಞಾನದ ಹಂಬಲದಿಂದಲ್ಲ, ಆ ಅರಿಯದ ಕೆಲಸದ ಭಯದಿಂದ ಓದಿದೆ.

ನಾನು ತಿಪಟೂರಿನ ಬಳಿಯ ಒಂದು ಹಳ್ಳಿಯವನು. 1986ರಲ್ಲಿ ಕನ್ನಡ ಮಾಧ್ಯಮದಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ, ಎರಡು ವರ್ಷ ಟರ್ನರ್ (ಲೇತ್ ಯಂತ್ರದಲ್ಲಿ ಲೋಹವನ್ನು ತಿರುಗಿಸಿ ಕೊರೆಯುವ ಕಸುಬು) ಟ್ರೇಡ್‌ನಲ್ಲಿ ಐಟಿಐ ಓದಿ, 1961ರ ಅಪ್ರೆಂಟಿಸ್ ಕಾಯ್ದೆಯ ಅಡಿಯಲ್ಲಿ ಬೆಂಗಳೂರಿನ ಒಂದು ದೊಡ್ಡ ಕಾರ್ಖಾನೆಯಲ್ಲಿ ಒಂದು ವರ್ಷದ ತರಬೇತಿಗೆ ಸೇರಿದೆ. ಮೊದಲ ಕೆಲವು ವಾರ ಲೇತ್ ಮುಟ್ಟಲು ಬಿಡಲಿಲ್ಲ. ಅರ ಹಿಡಿದು ಉಕ್ಕಿನ ತುಂಡನ್ನು ಚೌಕ ಮಾಡುವುದು, ಅದಕ್ಕೆ ಟ್ರೈಸ್ಕ್ವೇರ್ ಇಟ್ಟು ಕಿಟಕಿಯ ಬೆಳಕಿಗೆ ಹಿಡಿದು, ಸಂದಿಯಲ್ಲಿ ಬೆಳಕು ಕಾಣದಾಗುವವರೆಗೆ ಉಜ್ಜುವುದು, ಇಷ್ಟೇ ಕೆಲಸ. ವರ್ನಿಯರ್‌ನಲ್ಲಿ 49 ಮಿಲಿಮೀಟರನ್ನು 50 ಭಾಗ ಮಾಡಿರುವುದರಿಂದ 0.02 ಮಿಲಿಮೀಟರ್ ಓದಬಹುದೆಂಬುದನ್ನು ಐಟಿಐಯಲ್ಲಿ ಬಾಯಿಪಾಠ ಮಾಡಿದ್ದೆ. ಅದು ನಿಜವಾಗಿ ಅರ್ಥವಾದದ್ದು ಇಲ್ಲಿ, ಅದೇ ತುಂಡನ್ನು ದಿನಕ್ಕೆ ನಲವತ್ತು ಬಾರಿ ಅಳೆದ ಮೇಲೆ. ವರ್ಷ ಮುಗಿಯಿತು, ಟ್ರೇಡ್ ಟೆಸ್ಟ್ ಪಾಸಾಯಿತು, ಪ್ರಮಾಣಪತ್ರವೂ ಬಂತು, ಆದರೆ ಕೆಲಸ ಸಿಗಲಿಲ್ಲ. ತರಬೇತಿ ಕೊಟ್ಟವರು ಕೆಲಸವನ್ನೂ ಕೊಡಲೇಬೇಕೆಂಬ ಕಟ್ಟಳೆ ಆಗ ಕಾಯ್ದೆಯಲ್ಲಿ ಇರಲಿಲ್ಲ. ಇದನ್ನು ನಾನು ಮೊದಲೇ ಓದಿ ತಿಳಿದಿದ್ದರೆ ಅಷ್ಟು ಕಂಗಾಲಾಗುತ್ತಿರಲಿಲ್ಲ.

ಆಮೇಲೆ ಪೀಣ್ಯಕ್ಕೆ ಬಂದೆ. ಐದಾರು ಲೇತ್‌ಗಳಿದ್ದ ಸಣ್ಣ ಶೆಡ್ಡು. ಜಾಬ್, ಅಂದರೆ ಯಂತ್ರದಲ್ಲಿ ಕೊರೆದು ರೂಪಿಸಬೇಕಾದ ಲೋಹದ ತುಂಡು, ತಂದು ಮಾಡಿಕೊಡುವ ವ್ಯವಹಾರ. ಒಂದು ವರ್ಷದಲ್ಲಿ ನನ್ನ ಕೈ ಪಳಗಿತು, ಅದರ ಜೊತೆಗೇ ಅಹಂಕಾರವೂ ಬಂತು. ಒಮ್ಮೆ 80 ಮಿಲಿಮೀಟರ್ ವ್ಯಾಸದ ಹನ್ನೆರಡು ಶಾಫ್ಟ್‌ಗಳನ್ನು ಎಚ್7 ಟಾಲರೆನ್ಸ್‌ನಲ್ಲಿ ಕೊಡಬೇಕಾಗಿತ್ತು. ಅಂದರೆ ವ್ಯಾಸವು 80ಕ್ಕಿಂತ ಹೆಚ್ಚಿರಬಾರದು, 79.970ಕ್ಕಿಂತ ಕಡಿಮೆಯೂ ಆಗಬಾರದು. ಬೇಗ ಮುಗಿಸುವ ಉಮೇದಿನಲ್ಲಿ ಕೂಲೆಂಟ್ (ತಂಪು ಮಾಡುವ ದ್ರವ) ಇಲ್ಲದೆಯೇ ಕೊನೆಯ ಕಟ್ ಕೊಟ್ಟು, ಜಾಬ್ ಹಿಡಿದಿಡುವ ಚಕ್‌ನಲ್ಲಿರುವಾಗಲೇ ಮೈಕ್ರೋಮೀಟರ್ ಹಿಡಿದು, 79.98 ಎಂದು ಒಂದೊಂದನ್ನೂ ಪಕ್ಕಕ್ಕಿಟ್ಟೆ. ಮರುದಿನ ಬೆಳಿಗ್ಗೆ ಗಿರಾಕಿಯ ಕಡೆಯವರು ಬಂದು ಅಳೆದಾಗ ಹನ್ನೆರಡೂ 79.96 ತೋರಿಸಿದವು. ನಮ್ಮ ಮೇಸ್ತ್ರಿ ಒಂದು ಶಾಫ್ಟನ್ನು ಕೈಗೆತ್ತಿಕೊಂಡು, "ಬಿಸಿ ಜಾಬ್ ಅಳೆದಿದ್ದೀಯಲ್ಲಪ್ಪಾ" ಎಂದರು, ಅಷ್ಟೇ. ಯಾಕೆ ಹಾಗಾಯಿತೆಂದು ಕೇಳಿದೆ. ಬಿಸಿಯಲ್ಲಿ ಉಬ್ಬಿರುತ್ತದೆ, ಆರಿದ ಮೇಲೆ ಇಳಿಯುತ್ತದೆ ಎಂದರು. ಎಷ್ಟು ಇಳಿಯುತ್ತದೆ ಎಂದು ಕೇಳಿದ್ದಕ್ಕೆ ಉತ್ತರ ಬರಲಿಲ್ಲ, ಬೈಗುಳ ಬಂತು.

ಆ 'ಎಷ್ಟು' ಎಂಬುದಕ್ಕೆ ಉತ್ತರ ಸಿಕ್ಕಿದ್ದು ಸಂಜೆ ಪಾಲಿಟೆಕ್ನಿಕ್‌ನಲ್ಲಿ. ಡಿಪ್ಲೊಮಾ ಇದ್ದವರಿಗೆ ಸೂಪರ್‌ವೈಸರ್ ಕೆಲಸ ಸಿಗುತ್ತದೆಂಬ ಆಸೆಯಿಂದಲೇ ಅಲ್ಲಿ ಸೇರಿದ್ದೆನೆಂಬುದನ್ನು ಮುಚ್ಚಿಡಬೇಕಾಗಿಲ್ಲ. ಒಂದು ಸಂಜೆ ಮೇಷ್ಟ್ರು ಉಷ್ಣದಿಂದ ಹಿಗ್ಗುವಿಕೆಯ ಪಾಠ ಮಾಡುತ್ತ, ಒಂದು ಮೀಟರ್ ಉದ್ದದ ಉಕ್ಕು ಒಂದು ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು 11.5 ಮೈಕ್ರಾನ್ ಹಿಗ್ಗುತ್ತದೆಂದು ಬೋರ್ಡಿನ ಮೇಲೆ ಬರೆದರು. ನಾನು ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ನನ್ನ ಶಾಫ್ಟ್‌ನ ಲೆಕ್ಕ ಹಾಕಿದೆ. ವ್ಯಾಸ 80 ಮಿಲಿಮೀಟರ್. ಕೋಣೆಗಿಂತ ಜಾಬ್ 20 ಡಿಗ್ರಿ ಬಿಸಿಯಾಗಿತ್ತೆಂದುಕೊಂಡರೆ 18 ಮೈಕ್ರಾನ್, ಅಂದರೆ 0.018 ಮಿಲಿಮೀಟರ್. ನನ್ನ 79.98 ಮರುದಿನ 79.96 ಆದದ್ದು ಇದರಿಂದಲೇ. ಜಗತ್ತಿನಲ್ಲೆಲ್ಲ ಅಳತೆಗೆ 20 ಡಿಗ್ರಿ ಸೆಲ್ಸಿಯಸ್ ಆಧಾರ ತಾಪಮಾನವಾಗಿರುವುದು ಏಕೆಂಬುದೂ ಅಂದೇ ತಿಳಿಯಿತು. ಮೇಸ್ತ್ರಿಯವರ ಕೈಗೆ ಗೊತ್ತಿದ್ದುದನ್ನು ಅವರು ನನಗೆ ದಾಟಿಸಲಾರದೆ ಹೋಗಿದ್ದರು, ಕಾಗದದ ಮೇಲಿನ ಒಂದು ಸಾಲು ಅದನ್ನು ದಾಟಿಸಿತು. ಅವರ ಕೈ ನನ್ನದಕ್ಕಿಂತ ಎಷ್ಟೋ ದೊಡ್ಡದೆಂಬುದರಲ್ಲಿ ನನಗೆ ಇಂದಿಗೂ ಅನುಮಾನವಿಲ್ಲ.

1994ರಲ್ಲಿ ಡಿಪ್ಲೊಮಾ ಕೈಯಲ್ಲಿ ಹಿಡಿದು ಬಿಡಿಭಾಗ ತಯಾರಿಸುವ ಮಧ್ಯಮ ಗಾತ್ರದ ಕಾರ್ಖಾನೆಯೊಂದನ್ನು ಸೇರಿದೆ. ಅಲ್ಲಿ ಸಿಎನ್‌ಸಿ, ಅಂದರೆ ಕಂಪ್ಯೂಟರ್ ನಡೆಸುವ, ಲೇತ್‌ಗಳು ಬಂದಿದ್ದವು. ಹಿಡಿ ತಿರುಗಿಸುವಾಗ ಬೆರಳಿಗೆ ಸಿಗುತ್ತಿದ್ದ ಬಿಗಿ, ಕತ್ತರಿಸಿ ಬರುವ ಲೋಹದ ಸಿಪ್ಪೆಯ ಬಣ್ಣ ನೋಡಿ ವೇಗ ಹೊಂದಿಸುವ ಕಣ್ಣು, ನಾನು ಹೆಮ್ಮೆಪಡುತ್ತಿದ್ದ ಎಲ್ಲವೂ ಬಾಗಿಲು ಮುಚ್ಚಿದ ಯಂತ್ರದ ಮುಂದೆ ನಿರುಪಯೋಗಿಯಾದವು. ಸಾಲದ್ದಕ್ಕೆ ಆ ಯಂತ್ರಗಳನ್ನು ನಡೆಸುವ ಫ್ಯಾನುಕ್ ಕಂಟ್ರೋಲಿನ ಕೈಪಿಡಿ ಇಂಗ್ಲಿಷಿನಲ್ಲಿತ್ತು. ನಿಘಂಟು ಪಕ್ಕದಲ್ಲಿಟ್ಟುಕೊಂಡು ರಾತ್ರಿ ಎರಡು ಪುಟ ಓದುವುದು, ಬೆಳಿಗ್ಗೆ ಯಂತ್ರದ ಮೇಲೆ ಅದನ್ನು ಪರೀಕ್ಷಿಸುವುದು, ಹೀಗೆ ಏಳೆಂಟು ತಿಂಗಳು ಸಾಗಿತು. ನನ್ನ ಇಂಗ್ಲಿಷ್ ಇವತ್ತಿಗೂ ಕೈಪಿಡಿಯ ಇಂಗ್ಲಿಷೇ. ಅದರಲ್ಲಿ ಆಜ್ಞೆ ಕೊಡಬಲ್ಲೆ, ಹರಟೆ ಹೊಡೆಯಲಾರೆ.

ಆ ಓದಿನಲ್ಲಿ ಒಂದು ಸಂಜೆ ಜಿ96 ಎಂಬ ಆದೇಶದ ಪುಟ ಬಂತು. ಮೇಲ್ಮೈಯಲ್ಲಿ ಕತ್ತರಿಸುವ ವೇಗ ಒಂದೇ ಸಮನಾಗಿರುವಂತೆ ಯಂತ್ರವು ತಿರುಗುವ ವೇಗವನ್ನು ಕ್ಷಣಕ್ಷಣಕ್ಕೂ ಬದಲಿಸಿಕೊಳ್ಳುತ್ತದೆಂದು ಅಲ್ಲಿ ಬರೆದಿತ್ತು. ಇದು ಐಟಿಐಯಲ್ಲಿ ಪರೀಕ್ಷೆಗೆಂದು ಉರುಹೊಡೆದಿದ್ದ ಸೂತ್ರವೇ: ನಿಮಿಷಕ್ಕೆ ಎಷ್ಟು ಸುತ್ತು ಎಂಬುದು ಕತ್ತರಿಸುವ ವೇಗವನ್ನು ಸಾವಿರದಿಂದ ಗುಣಿಸಿ, ಪೈ ಮತ್ತು ವ್ಯಾಸಗಳ ಗುಣಲಬ್ಧದಿಂದ ಭಾಗಿಸಿದರೆ ಸಿಗುತ್ತದೆ. 40 ಮಿಲಿಮೀಟರ್ ಜಾಬ್‌ಗೆ ನಿಮಿಷಕ್ಕೆ 30 ಮೀಟರ್ ವೇಗವಾದರೆ ಸುಮಾರು 240 ಸುತ್ತು. ಹಳೆಯ ಲೇತ್‌ನಲ್ಲಿ ಅದಕ್ಕೆ ಹತ್ತಿರದ ಗೇರ್ ಹಾಕಿ ಕೂತರೆ ಮುಗಿಯಿತು. ಇಲ್ಲಿ ಟೂಲ್ ಜಾಬ್‌ನ ಮುಖವನ್ನು ಸವರುತ್ತ ನಡುವಿನ ಕಡೆಗೆ ಸಾಗಿದಂತೆ ವ್ಯಾಸ ಸೊನ್ನೆಯತ್ತ ಇಳಿಯುತ್ತದೆ, ಸೂತ್ರದ ಪ್ರಕಾರ ಸುತ್ತು ಮಿತಿಯಿಲ್ಲದೆ ಏರಬೇಕಾಗುತ್ತದೆ. ಆದ್ದರಿಂದಲೇ ಜಿ50 ಹಾಕಿ ಗರಿಷ್ಠ ವೇಗಕ್ಕೆ ಕಡಿವಾಣ ಹಾಕಬೇಕು. ಸಹೋದ್ಯೋಗಿಗಳೆಲ್ಲ ಕೋಡುಗಳನ್ನು ಪಟ್ಟಿ ಮಾಡಿ ಬಾಯಿಪಾಠ ಮಾಡುತ್ತಿದ್ದಾಗ ನನಗೆ ಮಾತ್ರ ಆ ಪುಟ ಹಳೆಯ ಪರಿಚಯದವರ ಮನೆಯಂತೆ ಕಂಡಿತು. ಕೈಯ ಕಸುಬು ಕಳೆದುಹೋಗಿರಲಿಲ್ಲ, ಬೇರೆ ಲಿಪಿಗೆ ಬಂದಿತ್ತು. ಆದರೆ ಆ ಲಿಪಿಯನ್ನು ಕಲಿಯುವವರೆಗೆ ಅದು ಇದ್ದೂ ಇಲ್ಲದಂತೆಯೇ.

ಎಂಜಿನಿಯರಿಂಗ್ ಪದವಿಗೆ ಸಮವೆಂದು ಆಗ ಎಣಿಸುತ್ತಿದ್ದ ಎಎಂಐಇ ಪರೀಕ್ಷೆಯ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಕೋಲ್ಕತ್ತದಲ್ಲಿ ಕೇಂದ್ರ ಕಚೇರಿ ಇರುವ ಎಂಜಿನಿಯರ್‌ಗಳ ಸಂಸ್ಥೆಯು ಕೆಲಸದಲ್ಲಿರುವವರಿಗಾಗಿ ವರ್ಷಕ್ಕೆ ಎರಡು ಬಾರಿ ನಡೆಸುತ್ತಿದ್ದ ಆ ಪರೀಕ್ಷೆಯ 'ಎ' ಮತ್ತು 'ಬಿ' ವಿಭಾಗಗಳನ್ನು ಮುಗಿಸಲು ನನಗೆ ಆರು ವರ್ಷ ಬೇಕಾಯಿತು. ಗಣಿತದಲ್ಲಿ ಮೂರು ಬಾರಿ ಬಿದ್ದೆ. ದೊಡ್ಡ ಮಗಳು ಮೊದಲ ಹೆಜ್ಜೆ ಇಟ್ಟದ್ದನ್ನು ನಾನು ನೋಡಲಿಲ್ಲ, ಅದನ್ನು ಹೆಂಡತಿಯ ಬಾಯಿಂದ ಕೇಳಿದೆ. ಕಲಿಕೆಗೆ ವಯಸ್ಸಿಲ್ಲವೆಂದು ಹೇಳುವವರು ಅದಕ್ಕೆ ಖರ್ಚಿದೆ ಎಂಬುದನ್ನು ಹೇಳುವುದಿಲ್ಲ.

ಬಿಡದಿಯ ಟೊಯೊಟಾ ಕಾರ್ಖಾನೆ 1999ರ ಕೊನೆಗೆ ಉತ್ಪಾದನೆ ಆರಂಭಿಸಿತು. ವಾಹನ ಕ್ಷೇತ್ರದ ಗಿರಾಕಿಗಳು ಹೆಚ್ಚಿದ ಆ ಕಾಲದಲ್ಲಿ ನಮ್ಮಂಥ ಘಟಕಗಳಿಗೆ ಬರುತ್ತಿದ್ದ ಪ್ರಶ್ನೆಯ ರೀತಿಯೇ ಬದಲಾಯಿತು. 'ಈ ಜಾಬ್ ಅಳತೆಯಲ್ಲಿದೆಯೇ' ಎಂಬುದು ಹೋಗಿ, 'ಮುಂದಿನ ಹತ್ತು ಸಾವಿರ ಜಾಬ್‌ಗಳೂ ಅಳತೆಯಲ್ಲಿರುತ್ತವೆಂದು ಹೇಗೆ ಹೇಳುತ್ತೀರಿ' ಎಂಬುದು ಬಂತು. ನಾನು ಪ್ರೋಸೆಸ್ ಎಂಜಿನಿಯರ್ ಆದದ್ದು ಆ ಹೊತ್ತಿಗೆ. ಸಿಪಿಕೆ (ಜಾಬ್‌ಗಳು ಮಿತಿಯೊಳಗೇ ಉಳಿಯುವ ಭರವಸೆಯನ್ನು ಹೇಳುವ ಅಂಕಿ) 1.33 ಇರಬೇಕೆಂದರೆ ಅಳತೆಗಳ ಸರಾಸರಿಯಿಂದ ಹತ್ತಿರದ ಮಿತಿಯವರೆಗೆ ನಾಲ್ಕು ಸಿಗ್ಮಾದಷ್ಟು (ಸಿಗ್ಮಾ ಎಂದರೆ ಅಳತೆಗಳ ಚದುರುವಿಕೆಯ ಮಾನ) ಅಂತರ ಇರಬೇಕೆಂಬುದನ್ನು ಸಂಖ್ಯಾಶಾಸ್ತ್ರದ ಪುಸ್ತಕ ಹೇಳಿಕೊಟ್ಟಿತು. ಅಷ್ಟು ಅಂತರ ಸಿಗಬೇಕಾದರೆ ಇನ್ಸರ್ಟನ್ನು (ಟೂಲ್‌ನ ತುದಿಯ ಕತ್ತರಿಸುವ ಬಿಲ್ಲೆ) ಸವೆಯುವ ಮೊದಲೇ ಬದಲಿಸಬೇಕೆಂಬುದನ್ನು ಟರ್ನರ್ ಆಗಿದ್ದ ದಿನಗಳು ಹೇಳಿದವು. ಆದರೆ ಎಷ್ಟು ಜಾಬ್‌ಗೆ ಒಮ್ಮೆ ಬದಲಿಸಬೇಕೆಂಬುದನ್ನು ಕಿವಿಯಿಂದ ತಿಳಿದಿದ್ದ ಆಪರೇಟರ್‌ಗಳಿಂದ ಅದನ್ನು ಕೇಳಿ ಬರೆದುಕೊಳ್ಳುವುದು ಈ ಎರಡಕ್ಕಿಂತಲೂ ಕಷ್ಟದ ಕೆಲಸವಾಗಿತ್ತು. ಹೇಳಿಬಿಟ್ಟರೆ ತಮ್ಮ ಬೆಲೆ ಹೋಗುತ್ತದೆಂಬ ಅಳುಕು ಅವರಿಗಿತ್ತು, ಅದು ತಪ್ಪೆಂದು ನಾನು ಎದೆ ಮುಟ್ಟಿ ಹೇಳಲಾರೆ.

ಎಲ್ಲಕ್ಕಿಂತ ಕೆಟ್ಟದಾಗಿ ನಾನು ಸೋತದ್ದು ಶಿಫ್ಟಿನ ಹೊಣೆ ಬಂದಾಗ. ಯಾವ ಯಂತ್ರದಲ್ಲಿ ತೊಂದರೆ ಬಂದರೂ ಓಡಿಹೋಗಿ, ಆಪರೇಟರನ್ನು ಪಕ್ಕಕ್ಕೆ ಸರಿಸಿ, ಆಫ್‌ಸೆಟ್ (ಯಂತ್ರಕ್ಕೆ ಕೊಟ್ಟ ಟೂಲ್‌ನ ಸ್ಥಾನದ ಅಂಕಿ) ತಿದ್ದಿ, ಜಾಬ್ ಸರಿಮಾಡಿ ಕೊಟ್ಟು ಬರುತ್ತಿದ್ದೆ. ಇದನ್ನು ನಾನು ಸಹಾಯವೆಂದೇ ತಿಳಿದಿದ್ದೆ. ಆರು ತಿಂಗಳಾಗುವಷ್ಟರಲ್ಲಿ ನನ್ನ ಶಿಫ್ಟಿನ ರಿಜೆಕ್ಷನ್ ಕಡಿಮೆಯಾಗುವ ಬದಲು ಹೆಚ್ಚಾಯಿತು. ಹಿರಿಯ ಆಪರೇಟರ್ ಒಬ್ಬರು ಚಹಾದ ಹೊತ್ತಿಗೆ, "ನೀವೇ ಬಂದು ಮಾಡ್ತೀರಲ್ಲ ಸಾರ್, ಅದಕ್ಕೇ ನಾವು ಕಾಯ್ತಾ ಇರ್ತೀವಿ" ಎಂದರು. ವ್ಯಂಗ್ಯವೂ ಇರಲಿಲ್ಲ, ಸಿಟ್ಟೂ ಇರಲಿಲ್ಲ, ಇದ್ದದ್ದನ್ನು ಹೇಳಿದ್ದರು. ಮರುದಿನದಿಂದ ಯಂತ್ರದ ಬಳಿ ಹೋದಾಗ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತು, 'ಏನಾಗಿದೆ ಅಂತ ನಿಮಗೆ ಅನ್ನಿಸುತ್ತೆ?' ಎಂದು ಕೇಳುವುದನ್ನು ರೂಢಿಸಿಕೊಂಡೆ. ಇದನ್ನು ಕಲಿಸುವ ತರಗತಿಗಳಿಗೂ ಮುಂದೆ ಕಂಪನಿಯವರು ಕಳುಹಿಸಿದರು, ಎರಡು ದಿನ ಹೋಟೆಲಿನಲ್ಲಿ ಒಳ್ಳೆಯ ಊಟವೂ ಇತ್ತು. ಆದರೆ ಚಹಾದ ಹೊತ್ತಿನ ಆ ಮಾತಿಗಿಂತ ಹೆಚ್ಚಿನದೇನೂ ಅಲ್ಲಿ ಸಿಕ್ಕಿದ ನೆನಪಿಲ್ಲ.

ಮ್ಯಾನೇಜರ್ ಆದ ಮೇಲೆ ಲೆಕ್ಕಪತ್ರ ವಿಭಾಗದ ಮುಂದೆ ಮತ್ತೆ ಅಪ್ರೆಂಟಿಸ್ ಆದೆ. ಯಂತ್ರದ ಸೆಟ್ಟಿಂಗ್ ಬದಲಿಸಲು ಮೂರು ಗಂಟೆ ಹಿಡಿಯುತ್ತಿದ್ದುದರಿಂದ, ಒಮ್ಮೆ ಸೆಟ್ ಮಾಡಿದ ಮೇಲೆ ತಿಂಗಳಿಗಾಗುವಷ್ಟು ಜಾಬ್ ತೆಗೆದುಬಿಡುವುದೇ ಜಾಣತನವೆಂದು ವಾದಿಸಿದ್ದೆ. ನಮ್ಮ ಕಾಸ್ಟ್ ಅಕೌಂಟೆಂಟ್ ಮೇಡಂ ನನ್ನನ್ನು ಉಗ್ರಾಣಕ್ಕೆ ಕರೆದೊಯ್ದು, ಧೂಳು ಹಿಡಿದು ಕೂತಿದ್ದ ಟ್ರೇಗಳನ್ನು ತೋರಿಸಿ, ಅವುಗಳಲ್ಲಿ ಸಿಕ್ಕಿಕೊಂಡ ಹಣಕ್ಕೆ ಬ್ಯಾಂಕಿಗೆ ಕಟ್ಟುವ ಬಡ್ಡಿಯನ್ನು ಕಾಗದದ ಮೇಲೆ ಬರೆದು ತೋರಿಸಿದರು. ಯಂತ್ರದ ಗಂಟೆಯ ದರ ಹೇಗೆ ಕಟ್ಟುತ್ತಾರೆ, ಸವಕಳಿ ಎಂದರೇನು ಎಂಬುದನ್ನೆಲ್ಲ ಹಲವು ಶನಿವಾರ ಅವರ ಮೇಜಿನ ಎದುರು ಕೂತು ಕಲಿತೆ. ಹಾಗಾದರೆ ತಿದ್ದಬೇಕಾದದ್ದು ಆ ಮೂರು ಗಂಟೆಯನ್ನೇ ಎಂಬುದು ಸ್ಪಷ್ಟವಾಯಿತು. ಜಪಾನಿನ ಶಿಗೆಯೊ ಶಿಂಗೊ ರೂಪಿಸಿದ ವಿಧಾನದಂತೆ, ಯಂತ್ರ ನಿಂತಾಗಲೇ ಮಾಡಬೇಕಾದ ಕೆಲಸ ಮತ್ತು ಅದು ಓಡುತ್ತಿರುವಾಗಲೂ ಮಾಡಿಕೊಳ್ಳಬಹುದಾದ ಕೆಲಸ ಎಂದು ಎಲ್ಲವನ್ನೂ ವಿಂಗಡಿಸಿದೆವು. ಸೆಟ್ಟಿಂಗ್‌ನ ವಿಡಿಯೊ ತೆಗೆದು ನೋಡಿದರೆ ಅರ್ಧಕ್ಕಿಂತ ಹೆಚ್ಚು ಹೊತ್ತು ಚಕ್‌ನ ಜಾ, ಸ್ಪ್ಯಾನರ್, ಗೇಜ್ ಹುಡುಕುವುದರಲ್ಲೇ ಕಳೆಯುತ್ತಿತ್ತು. ಒಂದು ತಳ್ಳುಗಾಡಿಯಲ್ಲಿ ಅವನ್ನೆಲ್ಲ ಮೊದಲೇ ಜೋಡಿಸಿಡುವ ವ್ಯವಸ್ಥೆಯಿಂದಲೇ ಮೂರು ಗಂಟೆ ಒಂದೂವರೆಗೆ ಇಳಿಯಿತು. ಒಂದು ಗಂಟೆಯೊಳಗೆ ತರಲು ಇನ್ನೂ ಎರಡು ವರ್ಷ ಬೇಕಾಯಿತು.

ನನ್ನ ಜೊತೆ ಪೀಣ್ಯದಲ್ಲಿ ಲೇತ್ ಹಿಡಿದಿದ್ದ ಗೆಳೆಯನೊಬ್ಬ ನನಗಿಂತ ಚುರುಕಿನವನು. ಮನೆಗೆ ಓವರ್‌ಟೈಮ್ ಹಣ ಬೇಕೇಬೇಕಾಗಿದ್ದರಿಂದ ಅವನು ಸಂಜೆ ತರಗತಿಗೆ ಬರಲಾಗಲಿಲ್ಲ. ಮೇಲೆ ಬರದವರೆಲ್ಲ ಕಲಿಯಲು ಮನಸ್ಸಿಲ್ಲದವರೆಂದು ಯಾರಾದರೂ ಸಭೆಯಲ್ಲಿ ಹೇಳಿದಾಗ ನನಗೆ ಅವನ ನೆನಪಾಗುತ್ತದೆ. ಆದ್ದರಿಂದ ನಮ್ಮಲ್ಲಿ ಓದುತ್ತಿರುವವರಿಗೆ ಪರೀಕ್ಷೆಯ ತಿಂಗಳು ಮೊದಲ ಶಿಫ್ಟನ್ನೇ ಕೊಡಬೇಕೆಂಬ ನಿಯಮವನ್ನು ಹಟ ಹಿಡಿದು ತಂದೆ. ನನ್ನ ಸಹಿಯಿಂದ ಆದ ಕೆಲಸಗಳಲ್ಲಿ ನನಗೆ ಹೆಚ್ಚು ತೃಪ್ತಿ ತಂದದ್ದು ಇದು.

ಈಗಿನ ತಂಡದಲ್ಲಿ ಹಾಸನದ ಕಡೆಯ ಒಬ್ಬ ಹುಡುಗಿ ಇದ್ದಾಳೆ. ಕಳೆದ ತಿಂಗಳು ಅವಳೂ ಕೋರ್ಸಿನ ಪ್ರಶ್ನೆ ಕೇಳಲು ಬಂದಾಗ ನಾನು ಹನ್ನೆರಡು ಶಾಫ್ಟ್‌ಗಳ ಕತೆ ಹೇಳಿದೆ. ಅವಳು ಅದನ್ನೆಲ್ಲ ಕೇಳಿಸಿಕೊಂಡು, "ಹಾಗಾದ್ರೆ ಸಾರ್, ಅಳತೆ ಕೋಣೆ 20 ಡಿಗ್ರಿ ಇದ್ರೂ ಜಾಬ್ ಹೊರಗಿಂದ ಬಿಸಿಯಾಗಿ ಬರುತ್ತಲ್ಲ, ಅದು ಆರೋದಕ್ಕೆ ಎಷ್ಟು ಹೊತ್ತು ಬೇಕು?" ಎಂದಳು. ಎರಡು ಗಂಟೆ ಇಡಬೇಕೆಂದು ನಮ್ಮಲ್ಲಿ ರೂಢಿ ಇದೆ. ಆ ಎರಡು ಗಂಟೆ ಎಲ್ಲಿಂದ ಬಂತೆಂದು ಹುಡುಕಿದರೆ ಯಾವ ಕಡತದಲ್ಲೂ ಸಿಗಲಿಲ್ಲ. ಸಣ್ಣ ಬುಷ್‌ಗೂ ದೊಡ್ಡ ಹೌಸಿಂಗ್‌ಗೂ ಒಂದೇ ಹೊತ್ತು ಹೇಗಾದೀತು? ಮೂರು ಗಾತ್ರದ ಜಾಬ್‌ಗಳನ್ನೂ ಮುಟ್ಟಿ ಓದುವ ಥರ್ಮಾಮೀಟರನ್ನೂ ಅವಳಿಗೇ ಕೊಟ್ಟು, ಹತ್ತು ನಿಮಿಷಕ್ಕೊಮ್ಮೆ ಬರೆದಿಡಲು ಹೇಳಿದ್ದೇನೆ. ಪಟ್ಟಿ ಮುಂದಿನ ವಾರ ಬರಬೇಕು.