ಡೋರ್ ಡೋರ್

ಮಳೆಗಾಲದಲ್ಲಿ ಉಡುಪಿ ಬಸ್ಸು ಸುರತ್ಕಲ್ ದಾಟುವಾಗ ಕಂಡಕ್ಟರ್ 'ಡೋರ್ ಡೋರ್' ಅಂತ ಬೊಬ್ಬೆ ಹಾಕ್ತಾರಲ್ಲ, ಅದ್ರಲ್ಲಿ ಕ್ರಿಯಾಪದವೇ ಇಲ್ಲ, ಆದ್ರೂ ಮೆಟ್ಟಿಲಲ್ಲಿ ನಿಂತ ಹುಡುಗ ಸೀದಾ ಬಾಗಿಲು ಎಳೀತಾನೆ. ವೇದವಾಕ್ಯಗಳಿಗೆ ಅರ್ಥ ಹೇಳೋದು ಹೇಗೆ ಅಂತ ವಿಚಾರ ಮಾಡಿದ ಹಳೇ ಕಾಲದ ಮೀಮಾಂಸಕರು ಇದೇ ಥರ 'ದ್ವಾರಂ' ಅನ್ನೋ ಒಂಟಿ ಶಬ್ದ ಇಟ್ಕೊಂಡು ಎಷ್ಟು ಜಗಳ ಮಾಡಿದ್ದಾರೆ ಗೊತ್ತುಂಟಾ ಮಾರಾಯ್ರೆ! ಅವ್ರಲ್ಲೇ ಎರಡು ಪಂಗಡ. ಕುಮಾರಿಲ ಭಟ್ಟನ ಕಡೆಯವ್ರ, ಅಂದ್ರೆ ಭಾಟ್ಟರ ವಾದ, ಕೇಳಿದವನು 'ಮುಚ್ಚು' ಅನ್ನೋ ಶಬ್ದವನ್ನೇ ಮನಸ್ಸಲ್ಲಿ ಸೇರಿಸ್ಕೊಳ್ತಾನೆ, ಶಬ್ದ ಇಲ್ದೆ ವಾಕ್ಯಾರ್ಥ ಹುಟ್ಟೋದಿಲ್ಲ ಅಂತ. ಪ್ರಭಾಕರನ ಕಡೆಯವ್ರು, ಅಂದ್ರೆ ಪ್ರಾಭಾಕರರಿಗೆ ಅದೆಲ್ಲ ಬೇಡ, ಮುಚ್ಚೋ ಅರ್ಥ ಹೊಳೆದ್ರೆ ಸಾಕು. ನಂಗೆ ಪ್ರಾಭಾಕರರೇ ಸರಿ ಅನ್ಸೋದು, ಯಾಕಂದ್ರೆ ಆ ಬಸ್ಸಲ್ಲಿ ತುಳು ಕೊಂಕಣಿ ಬ್ಯಾರಿ ಕನ್ನಡ ಎಲ್ಲ ಉಂಟು, ಯಾರ ತಲೆಗೆ ಯಾವ ಭಾಷೆಯ 'ಮುಚ್ಚು' ಬಂತು ಅಂತ ಹೇಳೋದು ಹೇಗೆ? (ಭಾಟ್ಟರ ಹತ್ರ ಇದಕ್ಕೂ ಉತ್ತರ ಇದ್ದೇ ಇರ್ತದೆ, ಅವ್ರು ಬಿಡೋ ಪೈಕಿ ಅಲ್ಲ.)

ಇಂಗ್ಲಿಷಲ್ಲಿ ಓದೋದಾದ್ರೆ ಈ ಶಬ್ದಾರ್ಥದ ಜಗಳಗಳ ಬಗ್ಗೆ ಕುಂಜುಣ್ಣಿ ರಾಜಾ ಅವರ 1963ರ ಪುಸ್ತಕ 'ಇಂಡಿಯನ್ ಥಿಯರೀಸ್ ಆಫ್ ಮೀನಿಂಗ್' ಈಗ್ಲೂ ಒಳ್ಳೇದು. ಆಮೇಲೆ ಬಿಮಲ್ ಕೃಷ್ಣ ಮತಿಲಾಲ್, ಪಂಡಿತರ ಹತ್ರ ಕೂತು ನ್ಯಾಯ ಅಂದ್ರೆ ತರ್ಕಶಾಸ್ತ್ರ ಓದಿ 'ತರ್ಕತೀರ್ಥ' ಪದವಿ ತಗೊಂಡು, ಹಾರ್ವರ್ಡಿಗೆ ಹೋಗಿ, ಕೊನೆಗೆ ಆಕ್ಸ್‌ಫರ್ಡಲ್ಲಿ ಪ್ರೊಫೆಸರ್ ಆದವ್ರು, ಹಾಗೆ ಎರಡೂ ಕಡೆ ಪಳಗಿದವ್ರು ಸಿಗೋದು ಕಷ್ಟ.

ನಮ್ಮ ಕಡೆದೇ ನೋಡಿ, ಉಡುಪಿಯ ಮಾಧ್ವ ಪರಂಪರೆಯಲ್ಲಿ ವ್ಯಾಸತೀರ್ಥರ 'ತರ್ಕತಾಂಡವ' ಅನ್ನೋ ಗ್ರಂಥ ಉಂಟು, ಮಿಥಿಲೆಯ ದೊಡ್ಡ ನ್ಯಾಯಪಂಡಿತ ಗಂಗೇಶನನ್ನೇ ಎದುರು ಹಾಕ್ಕೊಂಡು ಬರೆದದ್ದು. ಅದನ್ನ ನಮ್ಮಂಥವ್ರಿಗೆ ತಲೆಗೆ ಹೋಗೋ ಕನ್ನಡದಲ್ಲಿ ಯಾರಾದ್ರೂ ಬರೀರಿ, ರಥಬೀದಿಯಲ್ಲಿ ಮೊದಲ ಕಾಪಿ ನಾನೇ ತಗೊಳ್ತೇನೆ.