ಇವರು ಹೋಗಲಾಗದ ವಿಚಾರಣೆ

ನಮ್ಮ ಮದುವೆ ನಿಜವೋ ಅಲ್ಲವೋ ಎಂದು ಬ್ರಿಟನ್ನಿನಲ್ಲಿ ವಿಚಾರಣೆ ನಡೆಯುವಾಗ ನಾನು ಹಾಸನದ ವಿದ್ಯಾನಗರದ ತವರುಮನೆಯಲ್ಲಿದ್ದೆ. ಅಲ್ಲಿರುವ ಪತಿಯ ಬಳಿಗೆ ಹೋಗಲು ನಾನು ಹಾಕಿದ್ದ ವೀಸಾ ಅರ್ಜಿ ತಿರಸ್ಕೃತವಾಗಿತ್ತು. ಅದರ ವಿರುದ್ಧ ಮೇಲ್ಮನವಿ ಸಲ್ಲಿಸಿದವಳು ನಾನೇ. ಆದರೆ ಅಲ್ಲಿಗೆ ಹೋಗಲು ವೀಸಾ ಬೇಕು, ಮೇಲ್ಮನವಿ ಇರುವುದೇ ಆ ವೀಸಾಕ್ಕಾಗಿ. ವಿಡಿಯೊ ಮೂಲಕ ಹೇಳೋಣವೆಂದರೆ ಅದೂ ಸುಲಭವಲ್ಲ. ಬೇರೆ ದೇಶದಲ್ಲಿ ಕುಳಿತವರು ಬಾಯಿಮಾತಿನ ಸಾಕ್ಷ್ಯ ಕೊಡಬೇಕಾದರೆ ಅದಕ್ಕೆ ಆ ದೇಶದ ಸರ್ಕಾರದ ಅಭ್ಯಂತರವಿಲ್ಲವೆಂಬುದು ಮೊದಲೇ ಖಚಿತವಾಗಬೇಕೆಂದು ವಲಸೆ ಪ್ರಕರಣಗಳ ಅಲ್ಲಿನ ಮೇಲಿನ ನ್ಯಾಯಮಂಡಳಿ (ಅಪ್ಪರ್ ಟ್ರಿಬ್ಯುನಲ್) 2021ರಲ್ಲಿ ಹೇಳಿದೆ. ಹಾಗಾಗಿ ನನ್ನದು ಲಿಖಿತ ಹೇಳಿಕೆ ಮಾತ್ರ. ಎದ್ದುನಿಂತು ಉತ್ತರಿಸಬೇಕಾದವರು ಪ್ರಾಯೋಜಕರು, ಅಂದರೆ ನನ್ನನ್ನು ಅಲ್ಲಿಗೆ ಕರೆಸಿಕೊಳ್ಳುವ ನನ್ನ ಪತಿ.

ಹಣದ ವಿಷಯದಲ್ಲಿ ತಕರಾರಿರಲಿಲ್ಲ. ಪ್ರಾಯೋಜಕರ ಕನಿಷ್ಠ ವಾರ್ಷಿಕ ಆದಾಯವನ್ನು 2024ರ ಏಪ್ರಿಲ್ 11ರಿಂದ 18,600 ಪೌಂಡಿನಿಂದ 29,000ಕ್ಕೆ ಏರಿಸಿದ್ದರು. ಇವರ ಸಂಬಳ ಅದಕ್ಕಿಂತ ಹೆಚ್ಚಿತ್ತು. ಕ್ಷಯರೋಗ ತಪಾಸಣೆಯ ಪ್ರಮಾಣಪತ್ರ, ಇಂಗ್ಲಿಷ್ ಪರೀಕ್ಷೆ ಎಲ್ಲವೂ ಸರಿಯಿದ್ದವು. ನಮ್ಮ ಸಂಬಂಧ ನಿಜವಾದದ್ದು, ಈಗಲೂ ಮುಂದುವರಿದಿರುವುದು ಎಂದು ಮನವರಿಕೆಯಾಗಿಲ್ಲ ಎಂಬ ಒಂದೇ ಕಾರಣಕ್ಕೆ ಅರ್ಜಿ ತಿರಸ್ಕೃತವಾಯಿತು. ಮೇಲ್ಮನವಿಗೆ 28 ದಿನಗಳ ಗಡುವು. ಕಾಗದಪತ್ರ ನೋಡಿಯೇ ತೀರ್ಮಾನಿಸುವುದಾದರೆ ಶುಲ್ಕ 80 ಪೌಂಡ್, ವಿಚಾರಣೆ ಬೇಕೆಂದರೆ 140. ಪ್ರಶ್ನೆ ಕೇಳಿದರೆ ಕಾಗದ ಉತ್ತರ ಕೊಡುವುದಿಲ್ಲವಲ್ಲ ಎಂದು ಅಪ್ಪನೇ ವಿಚಾರಣೆಯನ್ನು ಆರಿಸಲು ಹೇಳಿದರು.

ದಾಖಲೆಗಳ ಕಟ್ಟನ್ನು ನಾನೇ ಕೂತು ಜೋಡಿಸಿದ್ದೆ. ಧಾರೆಯ ಫೋಟೊ, ನೋಂದಣಿ ಪತ್ರ, ವಾಟ್ಸ್ಆ್ಯಪ್ ಮಾತುಕತೆಯ ಮುದ್ರಿತ ಹಾಳೆಗಳು. ಅದರಲ್ಲಿ ನನಗೆ ತುಂಬ ಧೈರ್ಯ ಕೊಟ್ಟದ್ದು ಹಾಸನಾಂಬೆಯ ದರ್ಶನಕ್ಕೆ ಸರದಿಯಲ್ಲಿ ನಿಂತ ನಮ್ಮಿಬ್ಬರ ಫೋಟೊ. ಇವರ ಹಣೆಯಲ್ಲಿ ಬೆವರು, ನನ್ನ ಚಪ್ಪಲಿ ಇವರ ಕೈಚೀಲದೊಳಗೆ. ಆ ಗುಡಿಯ ಬಾಗಿಲು ತೆರೆಯುವುದು ವರ್ಷಕ್ಕೊಮ್ಮೆ, ಆಶ್ವಯುಜದಲ್ಲಿ, ಕೆಲವೇ ದಿನ. ಪಾಸ್‌ಪೋರ್ಟಿನ ಮುದ್ರೆಯನ್ನು ಆ ಫೋಟೊದ ಪಕ್ಕದಲ್ಲಿಟ್ಟರೆ ಇವರು ಮದುವೆಯ ಮೇಲೂ ರಜೆ ಹಾಕಿ ನನಗಾಗಿ ಬಂದಿದ್ದರೆಂಬುದು ಯಾರಿಗಾದರೂ ತಿಳಿಯುತ್ತದೆ.

ಅಲ್ಲಿಯ ಬೆಳಿಗ್ಗೆ 10 ಗಂಟೆ ಚಳಿಗಾಲದಲ್ಲಿ ನಮಗೆ ಮಧ್ಯಾಹ್ನ ಮೂರೂವರೆ. ಅತ್ತೆ ಅರಕಲಗೂಡಿನಿಂದ ಬೆಳಗಿನ ಬಸ್ಸಿಗೇ ಬಂದಿದ್ದರು. ಇವರ ಮೊಬೈಲ್ ಸ್ವಿಚ್ ಆಫ್ ಆಗಿತ್ತು. ಒಳಗೆ ಹೋಗುವಾಗ ಆರಿಸಿರಬಹುದು ಎಂದುಕೊಂಡೆವು. ಐದು ಗಂಟೆಯ ಹೊತ್ತಿಗೆ ಇವರ ಜೊತೆ ವಾಸವಿರುವ ಗೆಳೆಯರ ಕರೆ ಬಂತು. ಹಿಂದಿನ ರಾತ್ರಿ ಮೂತ್ರಪಿಂಡದ ಕಲ್ಲಿನ ನೋವು ತಡೆಯಲಾಗದೆ ಆಸ್ಪತ್ರೆಗೆ ಸೇರಿಸಿದ್ದಾರೆ, ವಿಚಾರಣೆಗೆ ಹೋಗಲಾಗಲಿಲ್ಲ ಎಂದರು. ನನಗೆ ಮಾತೇ ಹೊರಡಲಿಲ್ಲ. ಅತ್ತೆ ಫೋನ್ ತೆಗೆದುಕೊಂಡು, "ವಿಚಾರಣೆ ಹಾಗಿರಲಪ್ಪ, ನನ್ನ ಮಗ ಹೇಗಿದ್ದಾನೆ ಅದನ್ನು ಮೊದಲು ಹೇಳು" ಎಂದರು.

ವಕೀಲರು ಮುಂದೂಡಿಕೆ ಕೇಳಿದ್ದರು. ಆದರೆ ಅವರ ಬಳಿ ಇದ್ದದ್ದು ಆ ಗೆಳೆಯರು ಬೆಳಿಗ್ಗೆ ಫೋನಿನಲ್ಲಿ ಹೇಳಿದ ಸುದ್ದಿಯಷ್ಟೇ. ಆಸ್ಪತ್ರೆಯ ಒಂದು ಚೀಟಿಯೂ ಇರಲಿಲ್ಲ. ಮುಂದೂಡಿಕೆ ಸಿಗಲಿಲ್ಲ. ಹೆಂಡತಿ ಬೇಕೆನ್ನುವವರು ಇವತ್ತು ಬಾರದಿರುತ್ತಾರೆಯೇ ಎಂಬ ಧಾಟಿಯಲ್ಲಿ ಸರ್ಕಾರದ ಪರ ಅಧಿಕಾರಿ ವಾದಿಸಿದರಂತೆ. ಕೆಲವು ವಾರಗಳ ನಂತರ ಬಂದ ತೀರ್ಪಿನಲ್ಲಿ ಮೇಲ್ಮನವಿ ವಜಾ ಆಗಿತ್ತು. ಪ್ರಾಯೋಜಕರ ಹೇಳಿಕೆ ಪ್ರಶ್ನೆಗಳಿಗೆ ಒಳಪಟ್ಟಿಲ್ಲ, ಆದ್ದರಿಂದ ಅದಕ್ಕೆ ಹೆಚ್ಚು ತೂಕ ಕೊಡಲಾಗದು ಎಂದಿತ್ತು.

ನ್ಯಾಯಾಧೀಶರ ಮೇಲೆ ನನಗೆ ಕೋಪವಿಲ್ಲ. ಕಣ್ಣೆದುರು ಕಾಗದವಿಲ್ಲದಿದ್ದರೆ ಅವರು ತಾನೇ ಏನು ಮಾಡಿಯಾರು? ಆದರೂ ಆ ಸಾಲನ್ನು ಓದುವಾಗ ಹೊಟ್ಟೆ ಉರಿಯಿತು. ಮನಸ್ಸು ಬದಲಾಯಿಸಿ ಬಾರದವನೂ ನೋವಿನಿಂದ ಹೊರಳಾಡುತ್ತ ಬರಲಾಗದವನೂ ಆ ಕೋಣೆಯಲ್ಲಿ ಕುಳಿತವರಿಗೆ ಒಂದೇ ರೀತಿ ಕಾಣುತ್ತಾರೆ. ಅದರ ಫಲ ಉಣ್ಣುವವಳು ಸಾವಿರಾರು ಮೈಲಿ ದೂರದಲ್ಲಿ ಬಾಯಿ ಕಟ್ಟಿ ಕುಳಿತ ಹೆಂಡತಿ.

ಮುಂದೂಡಿಕೆ ನಿರಾಕರಿಸಿದ್ದು ಸಕಾರಣವಾಗಿತ್ತೇ ಎಂಬುದಲ್ಲ, ಅದರಿಂದ ನ್ಯಾಯಯುತ ವಿಚಾರಣೆ ತಪ್ಪಿತೇ ಎಂಬುದೇ ಮುಖ್ಯ ಎಂದು 2014ರ ನ್ವೈಗ್ವೆ ಪ್ರಕರಣದಲ್ಲಿ ಮೇಲಿನ ನ್ಯಾಯಮಂಡಳಿ ಹೇಳಿರುವುದನ್ನು ವಕೀಲರು ಹಿಡಿದುಕೊಂಡರು. ದಾಖಲಾದ ಗಂಟೆ, ಬಿಡುಗಡೆಯಾದ ಗಂಟೆ ಎರಡೂ ಇರುವ ಆಸ್ಪತ್ರೆಯ ಪತ್ರವನ್ನು ಲಗತ್ತಿಸಿ ಆ ನ್ಯಾಯಮಂಡಳಿಗೆ ಮೇಲ್ಮನವಿ ಸಲ್ಲಿಸಲು ಅನುಮತಿ ಕೋರಿದರು. ಅನುಮತಿ ಸಿಕ್ಕಿತು, ಹಳೆಯ ತೀರ್ಪು ರದ್ದಾಯಿತು. ಈಗ ಬೇರೆ ನ್ಯಾಯಾಧೀಶರ ಮುಂದೆ ಮೊದಲಿನಿಂದ ವಿಚಾರಣೆ.

ದಿನಾಂಕ ಇನ್ನೂ ಬಂದಿಲ್ಲ. ಈ ಸಲ ಆ ಗೆಳೆಯರೂ ಸಾಕ್ಷಿ ಹೇಳಲು ಒಪ್ಪಿದ್ದಾರೆ. ನಾನು ಹೊಸ ಹೇಳಿಕೆ ಬರೆಯುತ್ತಿದ್ದೇನೆ. ಅಂದು ಸಂಜೆ ಏಳೂವರೆಗೆ ಇವರು ಆಸ್ಪತ್ರೆಯ ಹಾಸಿಗೆಯಿಂದಲೇ ಗೆಳೆಯರ ಫೋನಿನಲ್ಲಿ ನನಗೆ ಕರೆ ಮಾಡಿ, ಬತ್ತಿದ ದನಿಯಲ್ಲಿ "ನಮ್ಮ ಕೇಸು ಏನಾಯಿತು?" ಎಂದು ಕೇಳಿದ್ದನ್ನು ಅದರಲ್ಲಿ ಸೇರಿಸಿದ್ದೇನೆ, ಕರೆಯ ಸಮಯ ತೋರಿಸುವ ದಾಖಲೆಯ ಸಮೇತ.