ಓಟಿಲ್ಲದ ಮನೆಗೆ ಬಂದ ಪ್ರಚಾರ

2016ರ ಅಕ್ಟೋಬರ್. ಅಮೆರಿಕದ ಟೆಕ್ಸಸ್‌ನ ಪ್ಲೇನೋದಲ್ಲಿ ಬಾಡಿಗೆ ಮನೆಯಲ್ಲಿದ್ದೆವು. ಒಂದು ಶನಿವಾರ ಬೆಳಗ್ಗೆ ಪಕ್ಕದ ಮನೆಯ ಹಿರಿಯರು ಬಾಗಿಲು ತಟ್ಟಿದರು. ಕೈಯಲ್ಲಿ ಒಂದು ಕಟ್ಟು ಕರಪತ್ರ. ಅಧ್ಯಕ್ಷ ಚುನಾವಣೆಗೆ ನಿಂತಿದ್ದ, ಸರ್ಕಾರವೂ ತೆರಿಗೆಯೂ ಕಡಿಮೆ ಇರಬೇಕೆನ್ನುವ ಲಿಬರ್ಟೇರಿಯನ್ ಪಕ್ಷದ ಗ್ಯಾರಿ ಜಾನ್ಸನ್ ಪರ ಓಟು ಕೇಳಲು ಹೊರಟಿದ್ದರು.

"ನನಗೆ ಇಲ್ಲಿ ಓಟಿಲ್ಲ, ವೀಸಾದ ಮೇಲಿದ್ದೇನೆ" ಅಂದೆ.

"ಟ್ಯಾಕ್ಸ್ ಕಟ್ತೀರಿ ತಾನೆ? ಹಾಗಾದರೆ ಕೇಳಿ."

ಒಳಗೆ ಕರೆದು ಕಾಫಿ ಕೊಟ್ಟೆ. ಒಂದು ಗಂಟೆ ಕೂತರು. ಜಾನ್ಸನ್ 1995ರಿಂದ ಎಂಟು ವರ್ಷ ನ್ಯೂ ಮೆಕ್ಸಿಕೋ ರಾಜ್ಯದ ಗವರ್ನರ್, ಅಂದರೆ ನಮ್ಮ ಮುಖ್ಯಮಂತ್ರಿಯ ಹಾಗೆ, ಆಗಿದ್ದವರು. ಆಗ 700ಕ್ಕೂ ಹೆಚ್ಚು ಮಸೂದೆಗಳಿಗೆ ಸಹಿ ಹಾಕದೆ ವಾಪಸ್ ಕಳಿಸಿದ್ದರಂತೆ. ಒಂದೊಂದು ಹೊಸ ಕಾನೂನಿಗೂ ಒಂದು ಕಚೇರಿ, ನಾಲ್ಕು ಜನ, ಅದಕ್ಕೆ ನಮ್ಮ ದುಡ್ಡು ಅನ್ನುವುದು ಹಿರಿಯರ ವಾದ. ಜಾನ್ಸನ್ ಗೆದ್ದರೆ ಆದಾಯ ತೆರಿಗೆಯೇ ಹೋಗುತ್ತದೆ, ಕೊಳ್ಳುವ ವಸ್ತುವಿನ ಮೇಲೆ ಮಾತ್ರ ತೆರಿಗೆ ಅಂದರು.

ನನಗೆ ಅಪ್ಪ ನೆನಪಾದರು. ತಿಪಟೂರಿನಲ್ಲಿ ನಮ್ಮದು ಸಣ್ಣ ದಿನಸಿ ಅಂಗಡಿ. ಸೇಲ್ಸ್ ಟ್ಯಾಕ್ಸ್ ಲೆಕ್ಕ ಕೊಡುವ ದಿನ ಹತ್ತಿರ ಬಂದರೆ ಅಪ್ಪನಿಗೆ ಊಟ ಸೇರುತ್ತಿರಲಿಲ್ಲ. ಕಟ್ಟುವ ದುಡ್ಡಿಗಿಂತ ಲೆಕ್ಕ ತಪ್ಪೀತು ಅನ್ನುವ ಭಯವೇ ಜಾಸ್ತಿ. ಪ್ಲೇನೋದಲ್ಲಿ ನಾನೂ ಪ್ರತಿ ಏಪ್ರಿಲ್‌ನಲ್ಲಿ ಅದೇ ಭಯದಲ್ಲಿ ಕೂರುತ್ತಿದ್ದೆ. ಊರಿನ ಎಫ್‌ಡಿ ಬಡ್ಡಿಯನ್ನೂ ಬಿಡದೆ ತೋರಿಸಬೇಕು. ಹಾಗಾಗಿ ಆ ಮಾತು ನನ್ನನ್ನು ನಿಜಕ್ಕೂ ಮುಟ್ಟಿತು.

ಅವರು ಹೋದ ಮೇಲೆ ಪೆನ್ನು ಹಿಡಿದು ಕೂತೆ. ಜಾನ್ಸನ್ ಒಪ್ಪಿದ್ದ ಮಾದರಿಯ ಹೆಸರು ಫೇರ್ ಟ್ಯಾಕ್ಸ್. ದರ 23 ಪರ್ಸೆಂಟ್ ಅನ್ನುತ್ತಾರೆ. ಆದರೆ ಅದು ತೆರಿಗೆ ಸೇರಿದ ಒಟ್ಟು ಬೆಲೆಯ ಲೆಕ್ಕ. 100 ಡಾಲರ್ ಕೊಟ್ಟರೆ 77 ವಸ್ತುವಿಗೆ, 23 ಸರ್ಕಾರಕ್ಕೆ. ನಮ್ಮ ಅಂಗಡಿ ಲೆಕ್ಕದಲ್ಲಿ ಹೇಳಿದರೆ ವಸ್ತುವಿನ ಮೇಲೆ ಸುಮಾರು 30 ಪರ್ಸೆಂಟ್! ಟೆಕ್ಸಸ್‌ನಲ್ಲಿ ಅಕ್ಕಿ ಬೇಳೆಗೆ ಸೇಲ್ಸ್ ಟ್ಯಾಕ್ಸ್ ಇಲ್ಲ. ಇದು ಬಂದರೆ ಅದಕ್ಕೂ ಬೀಳುತ್ತದೆ. ಬಡವರಿಗೆ ಹೊರೆಯಾಗಬಾರದೆಂದು ಪ್ರತಿ ಕುಟುಂಬಕ್ಕೂ ತಿಂಗಳು ತಿಂಗಳು ಒಂದಿಷ್ಟು ಹಣ ಮೊದಲೇ ಕೊಡುವ ಯೋಜನೆಯೂ ಅದರಲ್ಲಿದೆ, ನಿಜ. ಆದರೆ ಅದನ್ನು ಹಂಚುವುದಕ್ಕೂ ಕಚೇರಿ ಬೇಕಲ್ವಾ? ದುಡಿದಿದ್ದೆಲ್ಲ ದಿನಸಿಗೇ ಹೋಗುವ ಮನೆಗೂ, ಅರ್ಧ ಉಳಿಸುವ ಮನೆಗೂ ಇದು ಒಂದೇ ಥರ ತಾಗುವುದಿಲ್ಲ. ಉದ್ರಿ ಪುಸ್ತಕ ನೋಡಿ ಬೆಳೆದವನು ನಾನು, ಇದು ನನಗೆ ಗೊತ್ತು. ಓದಿದ್ದು ಸರ್ಕಾರಿ ಶಾಲೆಯಲ್ಲಿ. ಅಪ್ಪ ಹೆದರುತ್ತಾ ಕಟ್ಟಿದ ದುಡ್ಡಿನಲ್ಲೇ ಅಲ್ಲವೇ ಆ ಶಾಲೆ ನಡೆದದ್ದು?

ಮರುದಿನ ಬೇಲಿಯ ಹತ್ತಿರ ಇದನ್ನೆಲ್ಲ ಹೇಳಿದೆ. ಅವರು ಸಿಟ್ಟಾಗಲಿಲ್ಲ. "ಇದನ್ನು ಟಿವಿ ಚರ್ಚೆಯಲ್ಲಿ ಅವರನ್ನೇ ಯಾರಾದರೂ ಕೇಳಬೇಕಿತ್ತು" ಅಂದರು. ಸಮೀಕ್ಷೆಗಳಲ್ಲಿ ಸರಾಸರಿ 15 ಪರ್ಸೆಂಟ್ ಬಾರದೆ ಆ ವೇದಿಕೆಯಲ್ಲಿ ಆಗ ಜಾಗವಿರಲಿಲ್ಲ. ಜಾನ್ಸನ್‌ಗೆ ಅಷ್ಟು ಬರಲಿಲ್ಲ. ಹೀಗಾಗಿ ಐವತ್ತೂ ರಾಜ್ಯಗಳ ಮತಪತ್ರದಲ್ಲಿ ಹೆಸರಿದ್ದ ಮನುಷ್ಯ ಮೂರೂ ಚರ್ಚೆಗಳಿಂದ ಹೊರಗುಳಿದರು. ಅದು ತಪ್ಪು ಅಂತ ನನಗೆ ಈಗಲೂ ಅನಿಸುತ್ತದೆ. ಅವರ ಲೆಕ್ಕವನ್ನು ನಾನು ಒಪ್ಪಲಿಲ್ಲ. ಆದರೆ ಆ 30 ಪರ್ಸೆಂಟಿಗೆ ಅವರ ಉತ್ತರ ಏನಿತ್ತೆಂದು ಕೇಳುವ ಆಸೆ ಬಹಳ ಇತ್ತು.

ನವೆಂಬರ್‌ನಲ್ಲಿ ಜಾನ್ಸನ್‌ಗೆ ಸುಮಾರು 45 ಲಕ್ಷ ಓಟು ಬಂತು. ಮರುದಿನ ಸಂಜೆ ಹಿರಿಯರು ಅಂಗಳದ ಬೋರ್ಡ್ ಕೀಳುತ್ತಿದ್ದರು. ನಾನೂ ಹೋಗಿ ಒಂದು ಕಡೆ ಹಿಡಿದುಕೊಂಡೆ.

"ಹೋದ ಸಲ ಒಂದು ಪರ್ಸೆಂಟ್. ಈ ಸಲ ಮೂರು ದಾಟಿದೆ" ಅಂದರು.

ಬೋರ್ಡಿನ ಮಣ್ಣು ಒರೆಸಿ, ಗ್ಯಾರೇಜಿನ ಗೋಡೆಗೆ ಹುಷಾರಾಗಿ ಒರಗಿಸಿಟ್ಟರು.